ರಬ್ಬರು ಒಪ್ಪಿದ ಎಣ್ಣೆ

ಸಾವಿರದ ಒಂಬೈನೂರ ನಲವತ್ತನಾಲ್ಕನೆಯ ಇಸವಿ. ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ ಹೊನ್ನಾಳಿಯಲ್ಲಿ ನಮ್ಮ ಮನೆಯ ಹಿತ್ತಲು. ಹಾಜರಿದ್ದವರು ನಾನು, ನನ್ನ ಯಜಮಾನರು ಮತ್ತು ನನ್ನ ಅತ್ತೆ. ಬೇವಿನ ಮರದ ಕೆಳಗೆ, ಚಕ್ರಗಳನ್ನೆಲ್ಲ ಕಳಚಿಸಿಕೊಂಡು ಕಲ್ಲುದಿಂಡುಗಳ ಮೇಲೆ ಕೂತಿದ್ದ ಒಂದು ಹಳೆಯ ಕಾರು.

ಕೆಲಸಕ್ಕೆ ಕೈ ಹಾಕುವ ಮೊದಲು ಹೊತ್ತನ್ನೂ ಹಾಜರಿಯನ್ನೂ ಹೇಳಿಬಿಡುವುದು ನನಗೆ ನರ್ಸಿಂಗ್ ತರಬೇತಿಯಲ್ಲಿ ಹತ್ತಿದ ರೂಢಿ. ಅಲ್ಲಿ ನಮ್ಮ ಮೇಟ್ರನ್ ಅಮ್ಮನವರು ಒಂದು ಕೆಲಸ ಮುಗಿಯದೆ ಇನ್ನೊಂದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಕೈ ತೊಳೆಯದೆ ಏನನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ಆ ಶಿಸ್ತು ಒಂದು ದಿನ ಕಾರಿನ ಬ್ರೇಕಿಗೆ ಉಪಯೋಗಕ್ಕೆ ಬಂದೀತೆಂದು ಅವರಾಗಲಿ ನಾನಾಗಲಿ ಎಣಿಸಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಆ ಕಾರು ಅತ್ತೆಯವರನ್ನು ಕೂರಿಸಿಕೊಂಡು ಜಗಳೂರು ಕಡೆಯ ಬಿಳಿಚೋಡಿಗೆ ಹೋಗಬೇಕಾಗಿತ್ತು. ಅದು ಅತ್ತೆಯ ತವರು. ಅಲ್ಲಿ ಅವರ ಅಕ್ಕ ಇದ್ದರು. ಅಕ್ಕನ ಕಣ್ಣು ದಿನೇ ದಿನೇ ಮಂದವಾಗುತ್ತಿತ್ತು. ಇದು ಪೊರೆಯಲ್ಲ, ಕಣ್ಣಿನ ಹಿಂದಿನ ನರವೇ ಸೋಲುತ್ತಿದೆ, ಮಾಡುವಂಥದ್ದೇನೂ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ಕಡೆಯಿಂದ ಕುರಿ ಹೊಡೆದುಕೊಂಡು ಬಂದವರ ಬಾಯಲ್ಲಿ ಅಕ್ಕ ಹೇಳಿಕಳಿಸಿದ್ದು ಒಂದೇ ಮಾತು: "ಬೆಳಕು ಪೂರ್ತಿ ಹೋಗೋದ್ರೊಳಗೆ ತಂಗಿ ಮುಖ ಒಂದ್ಸಲ ನೋಡ್ಬೇಕು ಅಂತ ಐತೆ. ಬರಾಕೆ ಹೇಳ್ರಿ."

ಅತ್ತೆಗೆ ಸೊಂಟದ ನೋವು. ಎತ್ತಿನ ಗಾಡಿಯಲ್ಲಿ ಅಷ್ಟು ದೂರ ಕುಲುಕಿಸಿಕೊಂಡು ಹೋಗುವುದು ಆಗದ ಮಾತು. ಯುದ್ಧದ ಕಾಲವಾದ್ದರಿಂದ ಬಸ್ಸುಗಳು ಕಡಿಮೆ, ಬಂದ ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ. ಉಳಿದದ್ದು ನಮ್ಮ ಕಾರು. ಅದನ್ನು ಯಜಮಾನರು ಚನ್ನಗಿರಿಯ ಒಬ್ಬ ಅಡಿಕೆ ವ್ಯಾಪಾರಿಯಿಂದ ಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಆದರೆ ಅತ್ತೆ ಅದನ್ನು ಹತ್ತುವುದಿಲ್ಲವೆಂದು ಪಟ್ಟು ಹಿಡಿದಿದ್ದರು. ಕಾರಣವೂ ಇತ್ತು. ತಿಂಗಳ ಹಿಂದೆ ನ್ಯಾಮತಿಯಿಂದ ಅವರನ್ನು ಕರೆತರುವಾಗ ಬ್ರೇಕು ಹಿಡಿಯದೆ ಹೋಗಿ, ಯಜಮಾನರು ಕಾರನ್ನು ದಾರಿ ಬದಿಯ ಹುಲ್ಲಿನ ಬಣವೆಗೆ ನುಗ್ಗಿಸಿ ನಿಲ್ಲಿಸಿದ್ದರು. ಅತ್ತೆ ತಲೆ ಮೇಲಿನ ಹುಲ್ಲು ಕೊಡವಿಕೊಂಡು ಇಳಿದವರೇ ಸೊಂಟ ಹಿಡಿದುಕೊಂಡು ನಡೆದೇ ಬಂದರು. ಅಂದಿನಿಂದ ಅವರ ಬಾಯಲ್ಲಿ ಕಾರಿಗೆ ಒಂದೇ ಹೆಸರು, 'ನಿಲ್ಲಾಕೆ ಬರದ ಗಾಡಿ'.

ಮೆಕ್ಯಾನಿಕ್ ಬೇಕೆಂದರೆ ಚನ್ನಗಿರಿಗೋ ಶಿವಮೊಗ್ಗಕ್ಕೋ ಹೋಗಬೇಕು. ಹೋಗುವುದಕ್ಕೆ ಬ್ರೇಕು ಬೇಕು. ಹಾಗಾಗಿ ಶುಕ್ರವಾರವೇ ರಿಪೇರಿ ಹಿತ್ತಲಿಗೆ ಬಂತು. ಅದೇ ವಾರ ಯಜಮಾನರ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಗಿ, ನಾನೇ ಕೊಯ್ದು ಕೀವು ತೆಗೆದು ಪಟ್ಟಿ ಕಟ್ಟಿದ್ದೆ. "ಸ್ಟೇರಿಂಗ್ ಹಿಡೀಬಹುದು. ಸ್ಪ್ಯಾನರ್ ಹಿಡಿಯಂಗಿಲ್ಲ" ಎಂದು ಅಪ್ಪಣೆ ಮಾಡಿದೆ.

"ಹಂಗಾದ್ರೆ ಬಿಚ್ಚೋರು ಯಾರು?"

"ನಾನು. ನೀವು ಬಾಯಲ್ಲಿ ಹೇಳ್ರಿ, ನಾನು ಕೈಯಲ್ಲಿ ಮಾಡ್ತೀನಿ."

"ಬಾಯಿ ಕೆಲಸ ಇವನಿಗೆ ಹೊಸದಲ್ಲ ಬಿಡವ್ವ" ಎಂದರು ಅತ್ತೆ, ಹಿತ್ತಲ ಬಾಗಿಲಲ್ಲಿ ಕೂತುಕೊಂಡು. ಕೆಲಸ ನೋಡುವುದಕ್ಕೆ ಬಂದದ್ದಲ್ಲ, ಕಾಯಿ ಬಿಡಿಸಲು ಬಂದದ್ದು ಎಂದು ತೋರಿಸುವುದಕ್ಕಾಗಿ ಮಡಿಲಲ್ಲಿ ಅವರೆಕಾಯಿ ಇಟ್ಟುಕೊಂಡಿದ್ದರು.

ಆ ಕಾರಿನ ಬ್ರೇಕಿಗೆ ಸರಳಿಲ್ಲ, ತಂತಿಯಿಲ್ಲ. ಪೆಡಲು ತುಳಿದರೆ ಕೆಳಗಿನ ಒಂದು ಸಿಲಿಂಡರಿನಲ್ಲಿ ಎಣ್ಣೆ ಒತ್ತಿಕೊಂಡು, ಕಡ್ಡಿ ದಪ್ಪದ ಕೊಳವೆಗಳಲ್ಲಿ ನಾಲ್ಕೂ ಚಕ್ರಗಳ ಒಳಗೆ ಹೋಗುತ್ತದೆ. ಅಲ್ಲಿ ಪುಟ್ಟ ಬಟ್ಟಲಿನಂಥ ಎರಡು ರಬ್ಬರುಗಳನ್ನು ಹೊರಕ್ಕೆ ನೂಕುತ್ತದೆ. ಆ ರಬ್ಬರುಗಳು ಅರ್ಧಚಂದ್ರದಂಥ ಎರಡು ಷೂಗಳನ್ನು ಅಗಲಿಸುತ್ತವೆ. ಷೂಗಳು ಚಕ್ರದ ಜೊತೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುತ್ತವೆ. ಇಷ್ಟನ್ನು ಯಜಮಾನರು ಹೇಳಿದಾಗ ನಾನು ನಂಬಿದ್ದು ಅರ್ಧ. ಎಣ್ಣೆ ನುಣುಪು ಮಾಡುವ ವಸ್ತು, ಜಾರಿಸುವ ವಸ್ತು. ಅದು ಓಡುವ ಕಾರನ್ನು ಹಿಡಿದು ನಿಲ್ಲಿಸುತ್ತದೆಂದರೆ ಹೇಗೆ?

ಕೆಟ್ಟದ್ದು ಏಕೆಂಬುದು ಬಿಚ್ಚಿದ ಕೂಡಲೇ ತಿಳಿಯಿತು. ಸರಿಯಾದ ಬ್ರೇಕ್ ಎಣ್ಣೆ ಯುದ್ಧದಿಂದಾಗಿ ಸಿಗದೆ, ಯಜಮಾನರು ಎಂಜಿನ್ ಎಣ್ಣೆಯನ್ನೇ ಸುರಿದಿದ್ದರು. ಒಳಗಿನ ರಬ್ಬರು ಬಟ್ಟಲುಗಳು ನೀರಲ್ಲಿ ನೆನೆದ ಕಡಲೆಯ ಹಾಗೆ ಊದಿ, ಬೆರಳಿಗೆ ಅಂಟುತ್ತಿದ್ದವು. ಹೊಸ ಬಟ್ಟಲುಗಳ ಒಂದೇ ಒಂದು ಸೆಟ್ಟು, ಕಾರು ಮಾರಿದ ವ್ಯಾಪಾರಿ ಕೊಟ್ಟಿದ್ದು, ತಗಡಿನ ಡಬ್ಬಿಯಲ್ಲಿತ್ತು. ಅದೂ ಊದಿದರೆ ಇನ್ನೊಂದು ಎಲ್ಲಿಂದಲೂ ಬರುವಂತಿರಲಿಲ್ಲ. ಅತ್ತೆಯ ಪ್ರಯಾಣ ಆ ಡಬ್ಬಿಯ ಮೇಲೆ ನಿಂತಿತ್ತು.

ಆಸ್ಪತ್ರೆಯಲ್ಲಿ ರಬ್ಬರು ನಳಿಕೆಗಳಿಗೆ ವ್ಯಾಸಲೀನ್ ಹಚ್ಚಬಾರದು, ಗ್ಲಿಸರೀನ್ ಹಚ್ಚಬೇಕು ಎಂದು ನಮಗೆ ಕಲಿಸಿದ್ದರು. ನೆಲದೊಳಗಿನಿಂದ ತೆಗೆದ ಎಣ್ಣೆ ರಬ್ಬರನ್ನು ತಿನ್ನುತ್ತದೆ. ಅದು ನೆನಪಿಗೆ ಬಂದು, ನಾನು ಶುಕ್ರವಾರ ಸಂಜೆಯೇ ಮದ್ದಿನ ಸೀಸೆಗಳನ್ನು ಕುದಿಸಿ ಒಣಗಿಸಿ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೆ. ಒಂದರಲ್ಲಿ ಸೀಮೆಎಣ್ಣೆ, ಒಂದರಲ್ಲಿ ಎಂಜಿನ್ ಎಣ್ಣೆ, ಇನ್ನೊಂದರಲ್ಲಿ ಕಡಲೆಕಾಯಿ ಎಣ್ಣೆ. ಕೊನೆಯದರಲ್ಲಿ ಅತ್ತೆ ಕಾಯಿಸಿದ ಹರಳೆಣ್ಣೆಗೆ ಸ್ಟೋವಿನ ಸ್ಪಿರಿಟ್ಟು ಬೆರೆಸಿದ್ದು. ಪ್ರತಿಯೊಂದರೊಳಗೂ ಹಳೆಯ ರಬ್ಬರು ನಳಿಕೆಯ ಒಂದೇ ಅಳತೆಯ ತುಂಡು.

ಹರಳೆಣ್ಣೆಯ ಯೋಚನೆ ಬಂದದ್ದು ಮೂಗಿನಿಂದ. ಯಜಮಾನರು ಹಿಂದೆ ತರಿಸುತ್ತಿದ್ದ ಬ್ರೇಕ್ ಎಣ್ಣೆಯ ಖಾಲಿ ಡಬ್ಬಿ ಅಟ್ಟದಲ್ಲಿತ್ತು. ಮುಚ್ಚಳ ತೆಗೆದು ಮೂಸಿದೆ. ಮೊದಲು ಸ್ಪಿರಿಟ್ಟಿನ ಖಾರ ಬಂತು. ಅದರ ಹಿಂದೆ ನಿಧಾನವಾಗಿ ಒಂದು ಪರಿಚಯದ ವಾಸನೆ. ನಾನು ಡಬ್ಬಿಯನ್ನು ಅತ್ತೆಯ ಮೂಗಿನ ಹತ್ತಿರ ಹಿಡಿದೆ.

"ಇದು ನಮ್ಮ ಒಲೆ ವಾಸ್ನೆ ಕಣವ್ವ. ಹರಳು ಹುರಿದು ಕುಟ್ಟಿ ಕಾಯಿಸಿದ್ದು" ಎಂದರು ಅವರು, ಒಂದು ಕ್ಷಣವೂ ತಡೆಯದೆ.

ಸಮುದ್ರ ದಾಟಿ ಬಂದ ಡಬ್ಬಿ. ಅದರ ಮೈಮೇಲೆ ಹಡಗಿನ ಮುದ್ರೆ. ಒಳಗೆ ಬಿಳಿಚೋಡಿನ ಹೊಲದಂಚಿನಲ್ಲಿ ಬೆಳೆಯುವ ಹರಳು. ನಾನು ಇನ್ನೊಮ್ಮೆ ಮೂಸಿ, ಹರಳೆಣ್ಣೆ ತರಲು ಒಳಗೆ ಹೋದೆ.

ಈಗ ಭಾನುವಾರ ಬೆಳಿಗ್ಗೆ ಮೊದಲ ಕೆಲಸವಾಗಿ ಸೀಸೆಗಳ ತುಂಡುಗಳನ್ನು ಬಿಳಿಯ ಬಟ್ಟೆಯ ಮೇಲೆ ತೆಗೆದಿಟ್ಟೆ. ಸೀಮೆಎಣ್ಣೆಯದು ಎರಡರಷ್ಟು ಊದಿತ್ತು. ಎಂಜಿನ್ ಎಣ್ಣೆಯದು ಜೋಲು ಬಿದ್ದಿತ್ತು. ಕಡಲೆಕಾಯಿ ಎಣ್ಣೆಯದು ಮೆತ್ತಗಾಗಿತ್ತು. ಹರಳೆಣ್ಣೆಯ ತುಂಡು ಹಾಕಿದಾಗ ಹೇಗಿತ್ತೋ ಹಾಗೇ ಇತ್ತು. ಎಳೆದು ಬಿಟ್ಟರೆ ಟಪ್ಪೆಂದು ಹಿಂದಕ್ಕೆ ಬಂತು.

"ಹರಳೆಣ್ಣೇನಾ!" ಯಜಮಾನರಿಗೆ ಸ್ವಲ್ಪ ನಾಚಿಕೆ. "ಬಾಡಿಗೆಗೆ ಬರೋರಿಗೆ ಗೊತ್ತಾದ್ರೆ ನಗ್ತಾರೆ ಕಣೇ."

"ನಗ್ಲಿ ಬಿಡೋ" ಎಂದರು ಅತ್ತೆ. "ನೀನು ಹುಟ್ಟಿದಾಗ ನಿನ್ನ ನಾಲಿಗೆಗೆ ಮೊದ್ಲು ಮುಟ್ಟಿಸಿದ್ದೇ ಅದು. ಇಷ್ಟು ವರ್ಷ ಓಡಾಡ್ತಿದೀಯ. ನಿನ್ನ ಗಾಡಿ ಒಂದಿನ ಓಡಲ್ವಾ?"

ಎಂಟು ಗಂಟೆಗೆ ಕೈ ತೊಳೆದು ಶುರು ಮಾಡಿದೆ. ಸಿಲಿಂಡರುಗಳನ್ನೂ ಕೊಳವೆಗಳನ್ನೂ ಸ್ಪಿರಿಟ್ಟಿನಿಂದ ತೊಳೆದೆ. ಸೀಮೆಎಣ್ಣೆ, ಪೆಟ್ರೋಲು ಎರಡನ್ನೂ ದೂರ ಇಡಿಸಿದೆ. ಹಳೆಯ ಎಣ್ಣೆಯ ಒಂದು ಹನಿ ಉಳಿದರೂ ಹೊಸ ರಬ್ಬರಿಗೆ ಕೇಡು. ಷೂಗಳ ಧೂಳನ್ನು ಬಾಯಲ್ಲಿ ಊದಲು ಹೊರಟ ಯಜಮಾನರನ್ನು ತಡೆದು ಒದ್ದೆ ಬಟ್ಟೆಯಿಂದ ಒರೆಸಿದೆ. ಹೊಸ ಬಟ್ಟಲುಗಳಿಗೆ ಹರಳೆಣ್ಣೆ ಸವರಿ, ಮಗುವಿನ ಕೈಗೆ ಬಳೆ ತೊಡಿಸುವ ಹಾಗೆ ಮೆಲ್ಲಗೆ ಒಳಕ್ಕೆ ಕೂರಿಸಿದೆ. ಷೂಗಳ ಅಂಚು ಹಿಂದಿನ ತಗಡಿಗೆ ಉಜ್ಜುವ ಕಡೆ ಮಾತ್ರ, ಕಡ್ಡಿಯ ಮೊನೆಯಷ್ಟು ಗ್ರೀಸಿಗೆ ಪೆನ್ಸಿಲಿನ ಸೀಸದ ಪುಡಿ ಕಲಸಿ ಹಚ್ಚಿಸಿದರು ಯಜಮಾನರು. "ಇನ್ನೂ ಒಂಚೂರು ಹಾಕ್ಲಾ?" ಎಂದು ಕೇಳಿದೆ. "ಬ್ಯಾಡ. ಬಿಸಿಯಾದ್ರೆ ಹರಿದು ಷೂ ಮೇಲೆ ಬರುತ್ತೆ. ಅಲ್ಲಿಗೆ ಬಂದ್ರೆ ಮತ್ತೆ ಬಣವೇನೇ ಗತಿ" ಎಂದರು.

ಡ್ರಮ್ಮುಗಳನ್ನು ಮುಚ್ಚಿ, ಸಮಪಾಲು ಹರಳೆಣ್ಣೆ ಮತ್ತು ಸ್ಪಿರಿಟ್ಟು ಬೆರೆಸಿ ಮೇಲಿನಿಂದ ತುಂಬಿದೆ. ಇನ್ನು ಕೊಳವೆಗಳ ಗಾಳಿ ತೆಗೆಯಬೇಕು. ಒಬ್ಬರು ಪೆಡಲು ತುಳಿಯಬೇಕು, ಒಬ್ಬರು ಡ್ರಮ್ಮಿನ ಹಿಂದಿನ ತಿರುಪು ಸಡಿಲಿಸಿ ಬಿಗಿಯಬೇಕು, ಒಬ್ಬರು ಮೇಲೆ ಎಣ್ಣೆ ಖಾಲಿಯಾಗದ ಹಾಗೆ ಸುರಿಯುತ್ತಿರಬೇಕು. ಸುರಿಯುವುದಷ್ಟೇ ಪಟ್ಟಿ ಕಟ್ಟಿದ ಕೈಗೆ ಕೊಡಬಹುದಾದ ಕೆಲಸ. ನಾನೂ ಯಜಮಾನರೂ ಒಟ್ಟಿಗೆ ಹಿತ್ತಲ ಬಾಗಿಲ ಕಡೆ ನೋಡಿದೆವು.

"ನನ್ನ ಯಾಕೆ ನೋಡ್ತೀರಿ?" ಎಂದರು ಅತ್ತೆ.

"ಕಾರು ಓಡಲ್ಲ ಅತ್ತೆ. ಕಲ್ಲಿನ ಮೇಲೆ ಐತೆ, ಚಕ್ರಾನೇ ಇಲ್ಲ. ಬರೀ ಕೂತು ತುಳಿಯೋದು."

"ಚಕ್ರ ಇಲ್ದಿದ್ರೂ ಅದನ್ನ ನಂಬಾಕಾಗಲ್ಲ" ಎಂದರು. ಆದರೂ ಅಂದೂ ಮಡಿಲಲ್ಲಿದ್ದ ಅವರೆಕಾಯಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಬಾಗಿಲು ಹಿಡಿದು ಹತ್ತಿದರು. ಬಾಗಿಲು ಕಿರ್ರೆಂದು ಕೂಗಿತು. "ನೋಡು, ಅದಕ್ಕೂ ನಾನು ಬ್ಯಾಡ."

ನಾನು ಡ್ರಮ್ಮಿನ ಹಿಂದೆ ಮಲಗಿ, ತಿರುಪಿಗೆ ನಳಿಕೆ ಸಿಗಿಸಿ, ಅದರ ತುದಿಯನ್ನು ಎಣ್ಣೆಯ ಸೀಸೆಯಲ್ಲಿ ಅದ್ದಿ ಹಿಡಿದೆ.

"ತುಳೀರಿ!"

"ತುಳ್ದೆ!"

"ಹಂಗೇ ಹಿಡ್ಕಳ್ರಿ. ಬಿಡಬ್ಯಾಡ್ರಿ. ಈಗ ಬಿಡ್ರಿ. ಮತ್ತೆ ತುಳೀರಿ!"

"ಅಲ್ವೋ ಮಗಾ, ಇವಳು ನನಗೇನು ಹೆರಿಗೆ ಮಾಡಿಸ್ತಾಳಾ?"

ಯಜಮಾನರು ನಕ್ಕು ಎಣ್ಣೆ ಚೆಲ್ಲಿದರು. ನಾನು ಬೈದೆ. ಸೀಸೆಯಲ್ಲಿ ಗುಳ್ಳೆಗಳು ಬುಳುಬುಳು ಎದ್ದವು, ಕಡಿಮೆಯಾದವು, ನಿಂತವು. ಇದೇ ರೀತಿ ನಾಲ್ಕೂ ಕಡೆ. ಕೊನೆಯ ಡ್ರಮ್ಮು ಮುಗಿದಾಗ ಅತ್ತೆ ಒಳಗಿನಿಂದ ಬೇರೆ ದನಿಯಲ್ಲಿ ಕೂಗಿದರು: "ಏ, ಇದು ಈಗ ಹೋಗ್ತಾ ಇಲ್ಲ ಕಣ್ರೋ! ಮೊದ್ಲು ಮುದ್ದೆ ಹಿಟ್ಟಿನ ಮೇಲೆ ಕಾಲಿಟ್ಟಂಗೆ ಇತ್ತು. ಈಗ ನೆಲದ ಮೇಲೆ ನಿಂತಂಗೆ ಐತೆ."

ಸೋರಿಕೆ ಇದೆಯೇ ಎಂದು ನೋಡಲು ಮುಂದಿನ ಒಂದು ಡ್ರಮ್ಮು ತೆಗೆದೆ. "ಮೆಲ್ಲಗೆ, ಬೆರಳಷ್ಟು ಮಾತ್ರ ತುಳೀರಿ" ಎಂದೆ. ಷೂಗಳು ಎರಡೂ ಕಡೆಗೆ ಮೆಲ್ಲನೆ ಅಗಲಿದವು. ಬಿಟ್ಟಾಗ ಕೂಡಿದವು. ಮತ್ತೆ ಅಗಲಿದವು. ಆಗ ತಾನೇ ಹುಟ್ಟಿದ ಮಗುವಿನ ಪಕ್ಕೆಗಳು ಮೊದಲ ಉಸಿರಿಗೆ ಏಳುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು. ಕಬ್ಬಿಣವನ್ನು ನೋಡಿ ಹಾಗಾದದ್ದು ಅಂದೇ ಮೊದಲು. ನಡುವೆ ಸರಳಿಲ್ಲ, ತಂತಿಯಿಲ್ಲ. ಇರುವುದು ಬರೀ ಎಣ್ಣೆ. ಒಳಗೆ ಕೂತ ಮುದುಕಿಯ ಪಾದದ ಬಲ ಮಾರುದೂರದಲ್ಲಿ, ನನ್ನ ಕಣ್ಣ ಮುಂದೆ, ಕಬ್ಬಿಣವನ್ನು ಸರಿಸುತ್ತಿತ್ತು.

"ಏನು ಕಾಣ್ತೈತೆ? ಯಾಕೆ ಸುಮ್ಮನಾದೆ?" ಎಂದು ಅತ್ತೆ ಕೇಳಿದರು.

"ಇಳಿದು ಬಂದು ನೋಡ್ರಿ."

ಈಗ ಯಜಮಾನರು ಕೂತು ಪೆಡಲಿಗೆ ಕಾಲಿಟ್ಟರು. ಅತ್ತೆ ಮಣೆ ಹಾಕಿಕೊಂಡು ಷೂಗಳ ಮುಂದೆ ಕೂತರು. ಷೂಗಳು ಅಗಲಿದಾಗ ಅವರ ಕೈ ತಾನಾಗಿ ಎದೆಗೆ ಹೋಯಿತು.

"ನಾನು ಕಾಯಿಸಿದ ಎಣ್ಣೆ?" ಎಂದರು.

"ನೀವು ಕಾಯಿಸಿದ್ದೇ."

"ಶಿವನೇ" ಎಂದಷ್ಟೇ ಹೇಳಿ ಎದ್ದರು. ನಾಳೆ ಬರುತ್ತೀರಾ ಎಂದು ಕೇಳಬೇಕೆಂದು ಯಜಮಾನರು ಬಾಯಿ ತೆರೆದರು. ನಾನು ಕಣ್ಣಲ್ಲೇ ತಡೆದೆ.

ಊಟದ ಹೊತ್ತಾಗಿತ್ತು. ಡ್ರಮ್ಮು ತೆರೆದಂತೆಯೇ ಇರಲಿ, ಒಂದು ಗಂಟೆ ಬಿಟ್ಟು ಮತ್ತೆ ಸೋರಿಕೆ ನೋಡೋಣವೆಂದು ನಾನು ಒಳಗೆ ಹೋದೆ. ಅತ್ತೆ ಬೇಗ ಉಂಡು ಎದ್ದರು. ನಾವಿಬ್ಬರೂ ಉಂಡು ಹಿತ್ತಲಿಗೆ ಬಂದಾಗ ಅವರು ತೆರೆದ ಷೂಗಳ ಮುಂದೆ ಅದೇ ಮಣೆಯ ಮೇಲೆ ಕೂತಿದ್ದರು. ಕೈಯಲ್ಲಿ ದನದ ಕೊಟ್ಟಿಗೆಯ ಮೊಳೆಗೆ ನೇತು ಹಾಕಿರುತ್ತಿದ್ದ ಬಿದಿರಿನ ಗೊಟ್ಟ. ಅದರಲ್ಲಿ ಕೀಲೆಣ್ಣೆ, ಎಂದರೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಗಾಡಿಯ ಅಚ್ಚಿಗೆ ಹಾಕುವ ಕಪ್ಪು ಎಣ್ಣೆ. ಎರಡೂ ಷೂಗಳ ಮೈಗೆ ಅದನ್ನು ದಪ್ಪವಾಗಿ, ಅಚ್ಚುಕಟ್ಟಾಗಿ ಬಳಿದು ಮುಗಿಸಿದ್ದರು.

"ಅವ್ವಾ!" ಯಜಮಾನರು ಎರಡೂ ಕೈ ತಲೆ ಮೇಲೆ ಇಟ್ಟುಕೊಂಡರು. "ಏನು ಮಾಡಿಬಿಟ್ಟೆ!"

"ಯಾಕೋ? ಒಣಗಿ ಬಿಳಿಚಿಕೊಂಡಿತ್ತು. ಊರಿಗೆ ಹೊಂಟ ಗಾಡಿಗೆ ಕೀಲೆಣ್ಣೆ ಹಾಕ್ದೆ ಕಳಿಸ್ತಾರೇನೋ ಯಾರಾದ್ರೂ? ಬಿಳಿಚೋಡು ಏನು ಇಲ್ಲೇ ಐತಾ?"

"ಅದು ಜಾರೋ ಜಾಗ ಅಲ್ಲವ್ವಾ, ಹಿಡಿಯೋ ಜಾಗ! ಎಣ್ಣೆ ಒಳಗಿನ ಕೊಳವೆಯಾಗೆ ಇದ್ರೆ ಗಾಡಿ ನಿಲ್ಲುತ್ತೆ. ಷೂ ಮೇಲೆ ಬಂದ್ರೆ ನಿಲ್ಲಲ್ಲ. ಒಂದು ಚಕ್ರ ಹಿಡಿದು ಒಂದು ಹಿಡೀದಿದ್ರೆ ಕಾರು ಅಡ್ಡಡ್ಡ ತಿರುಗುತ್ತೆ!"

ಅತ್ತೆಯ ಮುಖ ಸಣ್ಣದಾಯಿತು. ಅವರು ಮಗನನ್ನು ನೋಡಲಿಲ್ಲ, ತಮ್ಮ ಕಪ್ಪಾದ ಬೆರಳುಗಳನ್ನು ನೋಡಿಕೊಂಡರು. ಆದರೆ ನನಗೆ ಆ ಹೊತ್ತಿಗೆ ಬೇರೊಂದು ಕಂಡಿತ್ತು. ಗಾಡಿಗೆ ಕೀಲೆಣ್ಣೆ ಹಾಕುವುದು ಹೊರಡುವವರು. ಕಾರು ಹತ್ತುವುದಿಲ್ಲ ಎಂದಿದ್ದ ಹೆಂಗಸು ಯಾರೂ ಕೇಳದೆ, ಯಾರೂ ಇಲ್ಲದಾಗ, ತನ್ನ ಪ್ರಯಾಣದ ಗಾಡಿಯನ್ನು ತಾನೇ ಸಿದ್ಧಮಾಡಿದ್ದರು.

"ಆಗಿದ್ದು ಆಯ್ತು. ಈಗ ತೊಳೆಯೋಣ" ಎಂದೆ.

ಪೆಟ್ರೋಲಿನಲ್ಲಿ ತೊಳೆಯೋಣವೆಂದರು ಯಜಮಾನರು. ಕೂಪನ್ನಿಗೆ ಸಿಕ್ಕ ಪೆಟ್ರೋಲು ಬಿಳಿಚೋಡಿಗೆ ಹೋಗಿ ಬರುವುದಕ್ಕೇ ಅಳತೆಯಾಗಿತ್ತು. ಅದೂ ಅಲ್ಲದೆ ಅದರ ಹನಿ ಒಳಗಿನ ರಬ್ಬರಿಗೆ ತಾಗಿದರೆ ಮೊದಲಿನಿಂದ ಮತ್ತೆ ಎಲ್ಲ. ಅತ್ತೆ ತಲೆ ಎತ್ತಿದರು.

"ಎಣ್ಣೆಸ್ನಾನದ ದಿನ ತಲೆಗೆ ಹಚ್ಚಿದ ಹರಳೆಣ್ಣೆ ಯಾತರಾಗ ಹೋಗುತ್ತವ್ವ?"

ಹಂಡೆಯಲ್ಲಿ ಬಿಸಿನೀರಿತ್ತು. ಷೂಗಳನ್ನು ಕಳಚಿ ಅವರ ಕೈಗೆ ಕೊಟ್ಟೆ. ಅವು ಇಲ್ಲದಾಗ ಬಟ್ಟಲುಗಳು ಹೊರಕ್ಕೆ ಚಿಮ್ಮದಿರಲೆಂದು ಸಿಲಿಂಡರಿಗೆ ದಾರ ಸುತ್ತಿ ಕಟ್ಟಿ, ಪೆಡಲು ಯಾರೂ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದೆ. ಅತ್ತೆ ಬಚ್ಚಲುಕಲ್ಲಿನ ಮೇಲೆ ಷೂಗಳನ್ನಿಟ್ಟು, ಸೀಗೆಪುಡಿ ಹಾಕಿ, ಬಿಸಿನೀರು ಹುಯ್ದು ತಿಕ್ಕಿದರು. ಮದುವೆಗೆ ಮುಂಚಿನ ಎಣ್ಣೆಶಾಸ್ತ್ರದಲ್ಲಿ ಹುಡುಗನ ತಲೆ ತಿಕ್ಕುವ ಜೋರಿನಲ್ಲಿ ತಿಕ್ಕಿದರು. ಕಪ್ಪು ನೀರು ಹರಿದು ಹರಿದು ಕೊನೆಗೆ ಬರೀ ಸೀಗೆಯ ಬಣ್ಣದ ನೀರು ಬಂತು. ಆಮೇಲೆ ನಾನು ಸ್ಪಿರಿಟ್ಟಿನಲ್ಲಿ ಒರೆಸಿ, ಬಿಸಿಲ ಕಲ್ಲಿನ ಮೇಲೆ ಒಣಗಲಿಟ್ಟೆ. ಉಪ್ಪುಕಾಗದದಿಂದ ಮೇಲ್ಮೈಯನ್ನು ತೆಳ್ಳಗೆ ಉಜ್ಜಿದೆ. ಬಿಳಿಯ ಕಾಗದ ಒತ್ತಿ ನೋಡಿದೆ. ಮೊದಲ ಸಲ ಮಸುಕು ಕಲೆ ಬಂತು. ಮತ್ತೆ ಸೀಗೆಪುಡಿ, ಮತ್ತೆ ಸ್ಪಿರಿಟ್ಟು, ಮತ್ತೆ ಬಿಸಿಲು. ಎರಡನೆಯ ಸಲ ಕಾಗದ ಬಿಳಿಯಾಗಿಯೇ ಉಳಿಯಿತು.

ಇದನ್ನು ಓದಿ ಇಂದು ಯಾರೂ ತಮ್ಮ ಕಾರಿಗೆ ಹರಳೆಣ್ಣೆ ಸುರಿಯಬಾರದು. ಈಗಿನ ರಬ್ಬರು ಬೇರೆ, ಈಗಿನ ಎಣ್ಣೆ ಬೇರೆ. ಮುಚ್ಚಳದ ಮೇಲೆ ಯಾವುದನ್ನು ಬರೆದಿದೆಯೋ ಅದನ್ನೇ, ಮುದ್ರೆ ಒಡೆಯದ ಡಬ್ಬಿಯಿಂದ ಹಾಕಬೇಕು. ಷೂ ಎಣ್ಣೆ ಹೀರಿದ್ದರೆ ತೊಳೆಯುತ್ತ ಕೂರದೆ ಹೊಸದು ಹಾಕಿಸಬೇಕು. ನಮಗೆ ಹೊಸದು ಇರಲಿಲ್ಲ. ಇದ್ದದ್ದರಲ್ಲಿ ಪರೀಕ್ಷಿಸಿ ಮಾಡಿದೆವು. ಪರೀಕ್ಷಿಸದೆ ಯಾವುದನ್ನೂ ಮಾಡಲಿಲ್ಲ.

ನಾಲ್ಕೂವರೆಗೆ ಚಕ್ರಗಳು ಸ್ವಸ್ಥಾನ ಸೇರಿದವು. ಇನ್ನು ಹೊಳೆಯ ಕಡೆ ಇಳಿಯುವ ದಾರಿಯಲ್ಲಿ ನೋಡಬೇಕು. ಯಜಮಾನರು ಸ್ಟೇರಿಂಗ್ ಹಿಡಿದರು. ನಾನು ಪಕ್ಕದಲ್ಲಿ ಕೂತೆ. ಹಿಂದಿನ ಬಾಗಿಲು ಕಿರ್ರೆಂದಿತು.

"ನೀವು ಈಗ ಬ್ಯಾಡ ಅತ್ತೆ. ಮೊದ್ಲು ನಾವು ನೋಡ್ತೀವಿ."

"ತುಳಿದವಳು ನಾನು, ತೊಳೆದವಳು ನಾನು. ನಿಲ್ಲದಿದ್ರೆ ಮೂರೂ ಜನ ಹೊಳ್ಯಾಗೆ. ಹೊಂಡ್ಸೋ."

ಯಜಮಾನರು ನನ್ನನ್ನು ನೋಡಿದರು. ಸಮನೆಲದಲ್ಲಿ ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ ಸ್ವಲ್ಪ ಹೆಚ್ಚಿಸಿ, ಹಲವು ಸಲ ನಿಲ್ಲಿಸಿ ನೋಡಿದೆವು. ಪ್ರತಿ ಸಲ ಇಳಿದು ನಾನು ಚಕ್ರಗಳನ್ನು ಮುಟ್ಟಿ, ಬಿಸಿ ಒಂದೇ ಸಮ ಇದೆಯೇ ಎಂದು ನೋಡಿದೆ. ಎಲ್ಲ ಸರಿ ಎಂದ ಮೇಲೆಯೇ ಇಳಿಜಾರಿಗೆ ಬಿಟ್ಟರು. ಕಾರು ಭಾರಕ್ಕೆ ತಾನೇ ಉರುಳತೊಡಗಿತು. ಕೆಳಗೆ ತುಂಗಭದ್ರೆ ಚಳಿಗಾಲದ ಬಿಸಿಲಲ್ಲಿ ಅಗಲವಾಗಿ ಹೊಳೆಯುತ್ತಿದ್ದಳು. ನೀರು ಹತ್ತಿರ ಬರುತ್ತಿತ್ತು. ಹಿಂದೆ ಅತ್ತೆ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಾಗ ಬಳೆಗಳ ಸದ್ದು ಕೇಳಿತು.

ಯಜಮಾನರು ಕಾಲಿಟ್ಟರು.

ಕಾರು ಒಂದು ಪಕ್ಕಕ್ಕೆ ಎಳೆಯಲಿಲ್ಲ, ತಿರುಗಲಿಲ್ಲ. ದೊಡ್ಡ ಕೈಯೊಂದು ಹಿಂದಿನಿಂದ ಹಿಡಿದುಕೊಂಡ ಹಾಗೆ ಮೆತ್ತಗೆ ನಿಂತಿತು. ಒಂದು ಎಲೆ ತೇಲಿ ಬಂದು ಬಾನೆಟ್ಟಿನ ಮೇಲೆ ಬಿತ್ತು. ಇಷ್ಟು ಭಾರ, ಇಷ್ಟು ಇಳಿಜಾರು, ಕೊಳವೆಯೊಳಗೆ ಒಂದು ಸೀಸೆಯಷ್ಟು ಎಣ್ಣೆ. ಆ ವಯಸ್ಸಿನಲ್ಲಿ ಆಶ್ಚರ್ಯವಾಯಿತು. ಈ ವಯಸ್ಸಿನಲ್ಲೂ ಬಸ್ಸು ನಿಂತಾಗಲೆಲ್ಲ ಆಗುತ್ತದೆ.

"ನಿಂತೈತೆ" ಎಂದರು ಅತ್ತೆ, ಸಣ್ಣ ದನಿಯಲ್ಲಿ. ಆಮೇಲೆ ಗಟ್ಟಿಯಾಗಿ, "ಇನ್ನೊಂದ್ಸಲ ಮಾಡೋ" ಎಂದರು.

ಮತ್ತೆ ಮೇಲೆ ಹೋಗಿ ಮತ್ತೆ ಇಳಿದೆವು. ಮತ್ತೆ ನಿಂತಿತು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆವು. ಪೆಡಲು ಇನ್ನೊಮ್ಮೆ ಒತ್ತಿ ನೋಡಿ, ಚಕ್ರಗಳ ಕೆಳಗೆ ಕಾಗದ ಹಾಸಿ, ಹನಿ ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಸೀಸೆಗಳನ್ನು ತೊಳೆದು ಬೋರಲು ಹಾಕಿದೆ. ಸ್ಪ್ಯಾನರುಗಳನ್ನು ಒರೆಸಿ ಪೆಟ್ಟಿಗೆಗೆ ಸೇರಿಸಿದೆ. ಯಜಮಾನರ ಹೆಬ್ಬೆರಳಿಗೆ ಹೊಸ ಪಟ್ಟಿ ಕಟ್ಟಿದೆ. ದಿನದ ಕೆಲಸ ಮುಗಿಯಿತೆಂದು ಕೈ ತೊಳೆಯಲು ಹೊರಟಾಗ ಅತ್ತೆ ಕೊಟ್ಟಿಗೆಯಿಂದ ಬಂದರು. ಕೈಯಲ್ಲಿ ಅದೇ ಬಿದಿರಿನ ಗೊಟ್ಟ.

"ಚಕ್ರದ ಹತ್ರ ಹೋಗಲ್ಲ ಕಣವ್ವ. ಹಂಗೆ ನೋಡಬ್ಯಾಡ. ಕೇಳ್ಕಂಡೇ ಹಾಕೋಣ ಅಂತ ಬಂದೆ. ಈ ಗಾಡಿ ಬಾಗಿಲ ಕೀಲಿಗೆ ಹಾಕಬಹುದಾ?"

ನಾನು ಯೋಚಿಸಿದೆ. ಅಲ್ಲಿ ರಬ್ಬರಿಲ್ಲ, ಅದು ಹಿಡಿಯುವ ಜಾಗವಲ್ಲ, ಜಾರುವ ಜಾಗ.

"ಹಾಕಬಹುದು. ಒಂದು ಹನಿ."

"ಅಕ್ಕನಿಗೆ ಕಣ್ಣು ಮಂದ, ಕಿವಿ ಚುರುಕು" ಎಂದರು ಅತ್ತೆ, ಬಗ್ಗಿ ಕಡ್ಡಿಯಿಂದ ಎಣ್ಣೆ ಮುಟ್ಟಿಸುತ್ತ. "ಮನೆ ಮುಂದೆ ಇಳಿಯುವಾಗ ಇದು ಕಿರ್ ಅಂದ್ರೆ ಬೈತಾಳೆ. ಗಾಡಿಗೆ ಕೀಲೆಣ್ಣೆ ಹಾಕ್ದೆ ಬಂದ್ಯೇನೇ ಅಂತ."

ಅವರು ಬಾಗಿಲನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಸದ್ದಾಗಲಿಲ್ಲ. ಗೊಟ್ಟವನ್ನು ಒರೆಸಿ ಅದರ ಮೊಳೆಗೆ ಸಿಗಿಸಿ ಬಂದರು.